ಒಂದೂ ಹತ್ತರ ಫಾಲ್ಟ್

ಕಾಂದಿವಲಿಯ ಆ ಕಟ್ಟಡಕ್ಕೆ ಶಿವಕುಮಾರಿ ಹೋದದ್ದು ಅದು ಮೂರನೆಯ ಸಲ. ಅವಳು ಹೋದಾಗಲೆಲ್ಲ ಫಾಲ್ಟ್ ಇರುತ್ತಿರಲಿಲ್ಲ.

ಶ್ರೀಫಲ ಇಂಡಸ್ಟ್ರಿಯಲ್ ಎಸ್ಟೇಟ್ ಎಂದು ಅದರ ಹೆಸರು. ನಾಲ್ಕು ಮಹಡಿ, ಒಂದೊಂದು ಮಹಡಿಯಲ್ಲೂ ಶಟರ್ ಬಾಗಿಲಿನ ಹನ್ನೆರಡು ಗಾಲಾ, ಒಂದೊಂದು ಗಾಲಾದಲ್ಲೂ ಒಂದು ಸಣ್ಣ ಕಾರ್ಖಾನೆ. ಒಂದು ಕಾಲದಲ್ಲಿ ಪೆನ್ನಿನ ನಿಬ್ಬಿನಿಂದ ಹಿಡಿದು ಫ್ಯಾನಿನ ರೆಗ್ಯುಲೇಟರ್‌ವರೆಗೆ ಎಲ್ಲ ಅಲ್ಲಿ ತಯಾರಾಗುತ್ತಿತ್ತಂತೆ. ಈಗ ಅದನ್ನು ಕೆಡವಿ ಟವರ್ ಎಬ್ಬಿಸುವ ಮಾತು ನಡೆದು ಎರಡು ವರ್ಷವಾಗಿತ್ತು. ಹೆಚ್ಚಿನವರು ಸಹಿ ಹಾಕಿ ಜಾಗ ಬಿಟ್ಟಿದ್ದರು. ಬಿಡದೆ ಉಳಿದವರು ಐದು ಜನ. ಅವರಲ್ಲಿ ಮೂರನೆಯ ಮಹಡಿಯ ವಿಜೇತಾ ಕೋಟ್ಯಾನ್ ಒಬ್ಬಳು. ಏಳು ಜನ ಹೆಂಗಸರನ್ನು ಇಟ್ಟುಕೊಂಡು ಟಿವಿ ಸೀರಿಯಲ್‌ಗಳಿಗೆ ಉಡುಪು ಹೊಲಿಸುತ್ತಿದ್ದಳು. ಫಾಲ್ಟ್ ಎಂದು ಫೋನ್ ಮಾಡಿದ್ದೂ ಅವಳೇ.

ಶಿವಕುಮಾರಿಯ ಕೆಲಸ ಫೈರ್ ಅಲಾರಮ್ ರಿಪೇರಿ. ಯಾದಗಿರಿ ಕಡೆಯಿಂದ ಬಂದು ಮುಂಬಯಿಯ ಕಟ್ಟಡಗಳಲ್ಲಿ ಪೈಪು ಕೂರಿಸುತ್ತಿದ್ದ ಅಪ್ಪನ ಮಗಳು. ಐಟಿಐ ಮುಗಿಸಿ, ಚೆಂಬೂರಿನ ತಿಲಕ್ ಸಾಲ್ಯಾನ್ ಎಂಬವನ ಸಣ್ಣ ಕಂಪನಿಗೆ ಸೇರಿ ಹದಿನೈದು ವರ್ಷವಾಗಿತ್ತು. ಹೊಸ ವೈರಿಂಗ್ ಯಾರು ಬೇಕಾದರೂ ಮಾಡುತ್ತಾರೆ. ಮಾಡಿಟ್ಟ ವೈರಿಂಗ್‌ನಲ್ಲಿ ತಂತಿ ಎಲ್ಲಿ ತುಂಡಾಗಿದೆ, ಎಲ್ಲಿ ಗೋಡೆಯ ತೇವ ತಾಗಿದೆ, ಎಲ್ಲಿ ಇಲಿ ಕಡಿದಿದೆ ಎಂದು ಹುಡುಕುವುದಕ್ಕೆ ತಿಲಕ್ ಅವಳನ್ನೇ ಕಳಿಸುತ್ತಿದ್ದ.

ಈ ಸಲ ಅವಳಿಗೆ ಏನೂ ಸಿಕ್ಕಿರಲಿಲ್ಲ. ಫಾಲ್ಟ್ ತೋರಿಸುತ್ತಿದ್ದದ್ದು ಒಂದನೆಯ ಮಹಡಿಯ ಲೈನಿನಲ್ಲಿ. ಆ ಮಹಡಿಯ ಛಾವಣಿಯಲ್ಲಿ ಹೊಗೆ ಹಿಡಿಯುವ ಹದಿನಾಲ್ಕು ಡಿಟೆಕ್ಟರ್‌ಗಳು, ಒಂದೇ ಜೋಡಿ ತಂತಿಯ ಮೇಲೆ ಸಾಲಾಗಿ ಕೂತವು. ಕೊನೆಯದರ ಬುಡದಲ್ಲಿ ಒಂದು ಪುಟ್ಟ ರೆಸಿಸ್ಟರ್. ಕೆಳಗೆ ವಾಚ್‌ಮನ್ ಕ್ಯಾಬಿನ್‌ನಲ್ಲಿರುವ ಪ್ಯಾನೆಲ್ ಆ ರೆಸಿಸ್ಟರ್‌ವರೆಗೂ ದಾರಿ ಸರಿಯಾಗಿದೆಯೇ ಎಂದು ಸದಾ ನೋಡುತ್ತಿರುತ್ತದೆ. ನಡುವೆ ಎಲ್ಲಾದರೂ ಕಡಿದರೆ ಹಳದಿ ದೀಪ ಹತ್ತುತ್ತದೆ, ಬಝರ್ ಕೂಗುತ್ತದೆ. ಕಡಿದ ಜಾಗದಿಂದ ಆಚೆ ಇರುವ ಡಿಟೆಕ್ಟರ್‌ಗಳೆಲ್ಲ ಆಗ ಕುರುಡು. ಅಲ್ಲಿ ಬೆಂಕಿ ಬಿದ್ದರೂ ಪ್ಯಾನೆಲ್‌ಗೆ ತಿಳಿಯುವುದಿಲ್ಲ.

ಶಿವಕುಮಾರಿ ಎರಡು ಸಲ ಬಂದು ತಂತಿ ಅಳೆದಿದ್ದಳು. ಒಂದೊಂದು ಬುಡವನ್ನೂ ಬಿಚ್ಚಿ ಸ್ಕ್ರೂ ಬಿಗಿ ಮಾಡಿದ್ದಳು, ತಂತಿ ಜಗ್ಗಿ ನೋಡಿದ್ದಳು. ಎಲ್ಲ ಸರಿಯಿತ್ತು. ಅವಳು ಹೋದ ಮರುದಿನ ವಿಜೇತಾಳ ಫೋನ್: "ಶಿವಕುಮಾರಿ, ಫಿರ್ ಸೆ ಅದೇ ಆವಾಜ್. ನಾನು ಏನು ಮಾಡುದು?"

ಆ ಗುರುವಾರ ಮಧ್ಯಾಹ್ನ ಮೂರೂವರೆಗೆ ಅವಳು ಏಣಿ ಇಳಿಸಿಟ್ಟು, ಪ್ಯಾನೆಲ್ ಮುಂದೆ ಸ್ಟೂಲ್ ಎಳೆದು ಕೂತಳು. ವಾಚ್‌ಮನ್ ಖಂಡಪ್ಪ ಅವಳಿಗೆ ಚಹಾ ತಂದುಕೊಟ್ಟ. ಅಫಜಲಪುರ ಕಡೆಯವನು, ಐವತ್ತೈದರ ಮೇಲಿನ ವಯಸ್ಸು. ಹೆಂಡತಿ ಹನುಮವ್ವ ಅದೇ ಕಟ್ಟಡದ ಕಸ ಗುಡಿಸುತ್ತಿದ್ದಳು. ಇಬ್ಬರೂ ಟೆರೇಸಿನ ಮೇಲೆ ನೀರಿನ ಟಾಕಿಯ ಪಕ್ಕದ ಕೋಣೆಯಲ್ಲಿ ಇರುತ್ತಿದ್ದರು.

"ಸಿಗ್ತೇನ್ರಿ ಬಾಯಾರ?"

"ಇಲ್ಲ ಕಾಕಾ. ವೈರ್ ಎಲ್ಲ ಛಲೋ ಐತಿ."

ಖಂಡಪ್ಪ ಗೇಟಿನ ಕಡೆ ಹೋದ. ಅವಳು ಪ್ಯಾನೆಲ್‌ನ ಮೆಮೊರಿ ತೆರೆದಳು. ಯಾವ ಲೈನು ಯಾವಾಗ ಕೆಟ್ಟಿತು, ಯಾವಾಗ ಸರಿಯಾಯಿತು ಎಂಬುದನ್ನೆಲ್ಲ ಆ ಪೆಟ್ಟಿಗೆ ತಾನೇ ಬರೆದಿಟ್ಟುಕೊಳ್ಳುತ್ತದೆ. ಹಿಂದಿನ ಎರಡು ಸಲ ಅವಳು ಕೊನೆಯ ಒಂದೆರಡು ಸಾಲು ನೋಡಿ ಬಿಟ್ಟಿದ್ದಳು. ಈ ಸಲ ಮೊದಲಿಂದ ನೋಡಿದಳು.

ಮೊದಲ ದಿನ ಒಂದೂ ಹತ್ತಕ್ಕೆ ಕಡಿದಿತ್ತು. ನಾಲ್ಕು ನಿಮಿಷಕ್ಕೆ ಸರಿಯಾಗಿತ್ತು. ಎರಡನೆಯ ದಿನವೂ ಒಂದೂ ಹತ್ತು; ನಾಲ್ಕು ನಿಮಿಷ. ಆಮೇಲೆ ಒಂದೂ ಹತ್ತು, ಏಳು ನಿಮಿಷ. ಒಂದೂ ಹನ್ನೊಂದು, ಹತ್ತು ನಿಮಿಷ. ಹದಿನೈದು. ಮತ್ತೆ ಹದಿನೈದು. ಇಪ್ಪತ್ತು. ಅವತ್ತಿನ ದಿನದ್ದು ಮೂವತ್ತು ನಿಮಿಷ.

ಚಹಾ ಕೈಯಲ್ಲೇ ಆರಿತು. ಇಲಿ ಗಡಿಯಾರ ನೋಡಿ ತಂತಿ ಕಡಿಯುವುದಿಲ್ಲ. ಕಡಿದದ್ದನ್ನು ಮತ್ತೆ ಜೋಡಿಸುವುದೂ ಇಲ್ಲ. ರಿಪೋರ್ಟಿನಲ್ಲಿ "ದೋಷ ಸಿಗಲಿಲ್ಲ" ಎಂದು ಬರೆದು, ಖಂಡಪ್ಪನಿಂದ ಸಹಿ ಹಾಕಿಸಿಕೊಂಡು, ಯಾರಿಗೂ ಏನೂ ಹೇಳದೆ ಸ್ಟೇಷನ್ನಿಗೆ ನಡೆದಳು.

ಮರುದಿನ ಶುಕ್ರವಾರ ಹನ್ನೆರಡೂವರೆಗೆ ಅವಳು ಹಿಂದಿನ ಗೇಟಿನಿಂದ ಒಳಗೆ ಬಂದು, ಹಿಂಬದಿಯ ಮೆಟ್ಟಿಲು ಹತ್ತಿ ಒಂದನೆಯ ಮಹಡಿ ಸೇರಿದಳು. ಪ್ಯಾಸೇಜು ಅಲ್ಲಿ ಮೂಲೆ ತಿರುಗುತ್ತದೆ. ಮುಂದಿನ ಮೆಟ್ಟಿಲಿನಿಂದ ಬರುವವರಿಗೆ ಹಿಂದಿನ ಭಾಗ ಕಾಣುವುದಿಲ್ಲ. ಅವಳು ಏಳನೆಯ ಡಿಟೆಕ್ಟರ್‌ನ ಬುಡಕ್ಕೆ ಮೀಟರ್ ಸಿಕ್ಕಿಸಿ, ಗೋಡೆಗೆ ಒರಗಿ ಕೂತಳು. ಮೀಟರ್ ಇಪ್ಪತ್ತೊಂದು ವೋಲ್ಟ್ ತೋರಿಸುತ್ತಿತ್ತು. ಆ ಮಹಡಿಯಲ್ಲಿ ಒಂದೂ ಗಾಲಾ ನಡೆಯುತ್ತಿರಲಿಲ್ಲ. ಮೇಲಿನಿಂದ ವಿಜೇತಾಳ ಹೊಲಿಗೆ ಮಷೀನುಗಳ ಸದ್ದು ಬರುತ್ತಿತ್ತು. ಒಂದು ಗಂಟೆಗೆ ಊಟದ ಹೊತ್ತಾಗಿ ಅದೂ ನಿಂತಿತು.

ಒಂದೂ ಹತ್ತಕ್ಕೆ ಮೀಟರ್ ಸೊನ್ನೆಗೆ ಬಿತ್ತು. ಕೆಳಗೆ ಬಝರ್ ಕೂಗತೊಡಗಿತು.

ಕಡಿದದ್ದು ಏಳಕ್ಕಿಂತ ಈಚೆಗೆ. ಅವಳು ಮೂಲೆ ತಿರುಗಿ ಮೂರನೆಯದಕ್ಕೆ ಮೀಟರ್ ಹಿಡಿದಳು. ಅಲ್ಲೂ ಸೊನ್ನೆ. ಮೆಟ್ಟಿಲ ತಲೆಯ ಮೇಲಿನ ಒಂದನೆಯದರಲ್ಲಿ ಇಪ್ಪತ್ತೊಂದು. ಹಾಗಾದರೆ ಎರಡನೆಯದು. ಅದು ಪ್ಯಾಸೇಜಿನಲ್ಲಿರಲಿಲ್ಲ, ನೂರಮೂರನೆಯ ಗಾಲಾದ ಒಳಗಿತ್ತು. ಬರುವಾಗಲೆಲ್ಲ ಅವಳು ಖಂಡಪ್ಪನ ಹತ್ತಿರ ಕೀಲಿ ಕೇಳಿ ತೆಗೆಸಬೇಕಾಗಿದ್ದ ಗಾಲಾ. ಈಗ ಅದರ ಶಟರ್ ಅರ್ಧ ಎದ್ದಿತ್ತು.

ಅವಳು ಬಗ್ಗಿ ಒಳಗೆ ಹೋದಳು. ಖಂಡಪ್ಪ ಸ್ಟೂಲಿನ ಮೇಲೆ ನಿಂತಿದ್ದ. ಒಂದು ಕೈಯಲ್ಲಿ ಕಳಚಿದ ಡಿಟೆಕ್ಟರ್, ಇನ್ನೊಂದರಲ್ಲಿ ಮೊಬೈಲ್. ಸಮಯ ನೋಡುತ್ತಿದ್ದ.

"ಕಾಕಾ!"

ಅವನು ಬೆಚ್ಚಿದ, ಆದರೆ ಕದ್ದು ಸಿಕ್ಕವನ ಹಾಗಲ್ಲ. "ಬರ್ರಿ ಬಾಯಾರ. ನಿಮಗ ಹೇಳಬಾರದು ಅಂದಿದ್ರು. ಟೆಸ್ಟಿಂಗ್ ನಡೆದೈತ್ರಿ."

"ಏನ್ ಟೆಸ್ಟಿಂಗ್? ಯಾರು ಹೇಳ್ಯಾರ?"

"ಸೇಫ್ಟಿ ಸಾಹೇಬ್ರು. ದಿನಾ ಮುಂಜಾನೆ ಫೋನ್ ಮಾಡ್ತಾರ್ರಿ. ಇವತ್ತ ಇಷ್ಟು ನಿಮಿಷ ತಗದಿಡು, ಯಾರು ಬರ್ತಾರ, ಎಷ್ಟೊತ್ತಿಗೆ ಬರ್ತಾರ, ಬರದಿಡು ಅಂತಾರ. ಮೆಂಟೆನೆನ್ಸ್‌ನವರಿಗೆ ಹೇಳಬ್ಯಾಡ, ಅವರದೂ ಪರೀಕ್ಷೆ ಇದು ಅಂದ್ರು."

"ಅವರನ್ನ ನೋಡೀಯೇನು?"

"ಇಲ್ರಿ. ಫೋನಿನಾಗೇ."

ಶಿವಕುಮಾರಿಯ ಕಣ್ಣು ಆಗ ಗಾಲಾದ ಮೇಲೆ ಬಿತ್ತು. ಮೊದಲ ಸಲ ಬಂದಾಗ ಅದು ಖಾಲಿ ಇತ್ತು. ಎರಡನೆಯ ಸಲ ಹತ್ತು ಹನ್ನೆರಡು ಮೂಟೆ ಇದ್ದವು, ಹಿಂದಿನ ದಿನ ಇನ್ನೂ ಕೆಲವು; ಅವಳು ಲಕ್ಷ್ಯ ಕೊಟ್ಟಿರಲಿಲ್ಲ. ಈಗ ಮೂರು ಗೋಡೆಗೂ ಎದೆಯೆತ್ತರಕ್ಕೆ ಹಾಸಿಗೆಯ ಫೋಮ್ ಹಾಳೆಗಳನ್ನು, ಬಟ್ಟೆಯ ಚಿಂದಿಯ ಮೂಟೆಗಳನ್ನು ಒಟ್ಟಿದ್ದರು. ಕಿಟಕಿಗೆ ಪ್ಲೈವುಡ್ ಬಡಿದಿದ್ದರು.

"ಇವು ಯಾರವು?"

"ಟೆಂಪೋದಾಗ ಬರ್ತಾವ್ರಿ. ಗೋಡಾನ್ ಮಾಡ್ಯಾರಂತ. ಸಾಹೇಬ್ರೇ ಕೀಲಿ ಕೊಡಂದ್ರು."

"ಬರದಿಟ್ಟದ್ದು ತೋರ್ಸು."

ಅಂಗಿಯ ಒಳಗಿನಿಂದ ಅವನು ಒಂದು ನೋಟ್‌ಬುಕ್ ತೆಗೆದ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ. ದುಂಡಗೆ, ಕನ್ನಡದಲ್ಲಿ, ಸ್ಕೇಲ್ ಇಟ್ಟು ಗೆರೆ ಎಳೆದು ಬರೆದಿದ್ದ. ತಾರೀಖು, ತೆಗೆದ ಸಮಯ, ಹಾಕಿದ ಸಮಯ. ಮುಂದಿನ ಅಂಕಣದ ತಲೆಯಲ್ಲಿ ಯಾರು ಬಂದರು ಎಂದಿತ್ತು. ಅದರ ಕೆಳಗೆ ಪುಟದ ತುದಿಯವರೆಗೂ ಒಂದೇ ಮಾತು: ಯಾರೂ ಬರಲಿಲ್ಲ. ಯಾರೂ ಬರಲಿಲ್ಲ. ಪ್ರತಿ ಸಾಲಿನ ಕೊನೆಗೂ ಖಂಡಪ್ಪನ ಸಹಿ.

ಅವಳು ಎರಡು ಸಲ ಓದಿದಳು.

"ಕಾಕಾ, ಇದರಾಗ ಆ ಸಾಹೇಬನ ಹೆಸರು ಎಲ್ಲೈತಿ?"

"ಅವರದ್ಯಾಕ್ರಿ? ಕೆಲಸ ಮಾಡಾಂವ ನಾನು."

"ಅದನ್ನೇ ಕೇಳಾಕತ್ತೀನಿ. ಇಲ್ಲಿ ಬೆಂಕಿ ಬಿತ್ತಂದ್ರ ಡಿಟೆಕ್ಟರ್ ಕಳಚಿದಾಂವ ಯಾರು? ಕೀಲಿ ಯಾರ ಕೈಯಾಗಿತ್ತು? ಸಹಿ ಯಾರದು?"

ಖಂಡಪ್ಪ ನಕ್ಕ. ಬೆಂಕಿ ಯಾಕೆ ಬೀಳುತ್ತದೆ ಎಂದ. ನಗುತ್ತಲೇ ಸ್ಟೂಲಿನಿಂದ ಇಳಿದು, ಫೋಮಿನ ರಾಶಿಯನ್ನು ಒಂದು ಸಲ ನೋಡಿದ. ಪ್ಲೈವುಡ್ ಬಡಿದ ಕಿಟಕಿಯನ್ನು ನೋಡಿದ. ಆಮೇಲೆ ನಗಲಿಲ್ಲ.

"ರವಿವಾರ ಒಂದು ತಾಸು ತಗದಿಡು ಅಂದಾರ್ರಿ," ಎಂದ ಮೆಲ್ಲಗೆ. "ಕೀಲಿ ಕ್ಯಾಬಿನ್ನಿನಾಗ ಇಟ್ಟು ಊಟಕ್ಕ ಹೋಗು, ದೂರ ಎಲ್ಲರೆ ಹೋಗಿ ಉಣ್ಣು ಅಂದಾರ."

ಶಿವಕುಮಾರಿ ಅವನ ಕೈಯಿಂದ ಡಿಟೆಕ್ಟರ್ ತೆಗೆದುಕೊಂಡು ತಾನೇ ಅದರ ಬುಡಕ್ಕೆ ತಿರುಗಿಸಿ ಕೂರಿಸಿದಳು. ನೋಟ್‌ಬುಕ್ಕಿನ ಪುಟಗಳನ್ನು, ಅವನಿಗೆ ಫೋನ್ ಬರುತ್ತಿದ್ದ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದಳು. ರವಿವಾರ ಇದನ್ನು ಮುಟ್ಟಬಾರದು, ಫೋನ್ ಬಂದರೆ ಆಗುವುದಿಲ್ಲ ಎಂದು ಹೇಳಬೇಕು ಎಂದಳು. ಅವನು ತಲೆಯಾಡಿಸಿದ.

ಅವಳು ತಿಲಕ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ನಾವು ವೈರ್ ನೋಡ್ಲಿಕ್ಕೆ ಹೋದವರು ಮಾರಾಯ್ತಿ," ಎಂದ ಅವನು. "ಬಿಲ್ಡಿಂಗಿನ ಜಗಳ ನಮಗೆಂತಕ್ಕೆ? ನಾಳೆ ನಮ್ಮನ್ನೇ ಕೋರ್ಟಿಗೆ ಎಳೀತಾರೆ."

"ಸುಮ್ಮನಿದ್ರೂ ಎಳೀತಾರ ಅಣ್ಣಾರ. ದೋಷ ಇಲ್ಲ ಅಂತ ಮೂರು ಸಲ ಬರಕೊಟ್ಟಾಕಿ ನಾನೇ ಅದೀನಿ."

"ಪೊಲೀಸಿಗೆ ಹೇಳು."

ಶನಿವಾರ ಬೆಳಿಗ್ಗೆ ಅವಳು ವಿಜೇತಾಳನ್ನು ಕರೆದುಕೊಂಡು ಚೌಕಿಗೆ ಹೋದಳು. ಅಲ್ಲಿದ್ದ ಹವಾಲ್ದಾರ ಮರ್ಯಾದೆಯಿಂದಲೇ ಕೇಳಿಸಿಕೊಂಡ. ಫೋನ್ ಬಂದ ನಂಬರ್ ಬರೆದುಕೊಂಡ. ಇಲ್ಲಿಯವರೆಗೆ ಏನೂ ಆಗಿಲ್ಲವಲ್ಲ, ಫೋಮ್ ಇಡುವುದು ಅಪರಾಧವಲ್ಲ, ಸೋಮವಾರ ಒಬ್ಬರನ್ನು ಕಳಿಸುತ್ತೇನೆ ಎಂದ. ಅಗ್ನಿಶಾಮಕ ಠಾಣೆಯಲ್ಲಿ ಅರ್ಜಿ ತೆಗೆದುಕೊಂಡು ಠಸ್ಸೆ ಒತ್ತಿಕೊಟ್ಟರು. ಪರಿಶೀಲನೆಯ ಅಧಿಕಾರಿ ಬರುವುದೂ ಸೋಮವಾರವೇ.

"ನಾಳೆ ನಿನ್ನ ಗಾಲಾ ಬಂದ್ ಇಡು ವಿಜೇತಾ," ಎಂದಳು ಶಿವಕುಮಾರಿ, ಹೊರಗೆ ಬಂದ ಮೇಲೆ.

"ಹೇಗೆ ಬಂದ್ ಮಾಡುದು? ಸೋಮವಾರ ಶೂಟಿಂಗ್, ಶಾದಿ ಕಾ ಎಪಿಸೋಡ್. ಚಾಲೀಸ್ ಡ್ರೆಸ್ ಕೊಡ್ಲಿಕ್ಕುಂಟು." ವಿಜೇತಾ ಮುಂಬಯಿಯಲ್ಲೇ ಹುಟ್ಟಿದವಳು, ಕನ್ನಡ ಅವಳ ಬಾಯಲ್ಲಿ ತಡವರಿಸುತ್ತಿತ್ತು. "ಎರಡು ವರ್ಷದಿಂದ ಹೆದರಿಸ್ತಾರೆ ಆ ಬಿಲ್ಡರ್ ಲೋಗ್. ನೀರು ಕಟ್ ಮಾಡಿದ್ರು, ಲಿಫ್ಟ್ ಬಂದ್ ಮಾಡಿದ್ರು. ನಾವು ಒಂದು ದಿನ ಬರದಿದ್ರೆ ಬೀಗ ಹಾಕಿ ಬಿಡ್ತಾರೆ. ಮತ್ತೆ ಒಳಗೆ ಬಿಡುದಿಲ್ಲ."

ಅದೂ ಸುಳ್ಳಾಗಿರಲಿಲ್ಲ. ಹಾಗಾದರೆ ಹಿಂದಿನ ಮೆಟ್ಟಿಲಿನ ಗ್ರಿಲ್‌ಗೆ ಬೀಗ ಹಾಕಬೇಡ, ಬೆಂಕಿಯ ಹೂಟರ್ ಕೂಗಿದರೆ ಯಾಕೆಂದು ಕೇಳದೆ ಎಲ್ಲರನ್ನೂ ಇಳಿಸಿಕೊಂಡು ಬಾ ಎಂದು ಶಿವಕುಮಾರಿ ಮಾತು ತೆಗೆದುಕೊಂಡಳು.

ಅವತ್ತು ಮಧ್ಯಾಹ್ನ ತಿಲಕ್ ತಾನೇ ಬಂದ, ಹೆಗಲಿಗೊಂದು ಚೀಲ. ಅದರಲ್ಲಿ ಹದಿನಾಲ್ಕು ಹೊಸ ಬುಡಗಳು. ಹಳೆಯ ಬುಡದಿಂದ ಡಿಟೆಕ್ಟರ್ ಕಳಚಿದರೆ ತಂತಿಯ ದಾರಿ ಅಲ್ಲಿಗೇ ಕಡಿಯುತ್ತದೆ. ಈ ಹೊಸ ಬುಡದೊಳಗೆ ಒಂದು ಡಯೋಡ್ ಇರುತ್ತದೆ; ತಲೆ ಕಳಚಿದರೂ ಅದು ದಾರಿ ಬಿಡುತ್ತದೆ, ಮುಂದಿನ ಡಿಟೆಕ್ಟರ್‌ಗಳು ಕೆಲಸ ಮಾಡುತ್ತಲೇ ಇರುತ್ತವೆ. ಪ್ಯಾನೆಲ್‌ನಲ್ಲಿ ಮಾತ್ರ ಹಳದಿ ದೀಪವೂ ಬಝರೂ ಎಂದಿನಂತೆಯೇ ಬರುತ್ತವೆ. ಕಳಚಿದವನಿಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ.

"ಬೇರೆ ಕಡೆಗೆ ತರಿಸಿದ್ದು," ಎಂದ ತಿಲಕ್, ಏಣಿ ಹಿಡಿದುಕೊಂಡು. "ಇರಲಿ, ಹಾಕು. ನನಗೆ ನಿನ್ನೆ ಸರಿ ನಿದ್ದೆಯೇ ಬರಲಿಲ್ಲ."

ಅವಳು ಹದಿನಾಲ್ಕನ್ನೂ ಬದಲಿಸಿದಳು, ಲೈನಿನ ಕೊನೆಗೆ ರೆಸಿಸ್ಟರ್ ಬದಲು ಅದಕ್ಕೆ ತಕ್ಕ ಹೊಸ ತುಂಡು ಹಾಕಿದಳು. ಎರಡನೆಯದನ್ನು ಕಳಚಿ, ಮೂರನೆಯದಕ್ಕೆ ಊದುಬತ್ತಿಯ ಹೊಗೆ ಹಿಡಿದಳು. ಇಡೀ ಕಟ್ಟಡದ ಹೂಟರ್‌ಗಳು ಕೂಗಿದವು. ಟೆರೇಸಿನಿಂದ ಹನುಮವ್ವ ಓಡಿಬಂದು, "ಏನಾತ ಯವ್ವಾ?" ಎಂದಳು.

"ಏನಿಲ್ಲವ್ವ. ನಾಳೆ ಹಿಂಗ ಕೂಗಿದ್ರ ಕೈಯಾಗಿನ ಕೆಲಸ ಬಿಟ್ಟು ಕೆಳಗ ಓಡು."

ಹನುಮವ್ವ ಗಂಡನ ಮುಖ ನೋಡಿದಳು. ಅವನು ಅವಳಿಗೆ ಏನೂ ಹೇಳಿರಲಿಲ್ಲ.

ರವಿವಾರ ಹತ್ತೂವರೆಗೆ ಶಿವಕುಮಾರಿ ಚೆಂಬೂರಿನಿಂದ ಹೊರಟಳು. ಹನ್ನೆರಡಕ್ಕೆ ಮುಂಚೆ ತಲುಪುವ ಲೆಕ್ಕ. ದಾದರಿನಲ್ಲಿ ಗಾಡಿ ಬದಲಿಸುವಾಗ ಖಂಡಪ್ಪನ ಫೋನ್ ಬಂತು.

"ಬಾಯಾರ, ನನ್ನ ಅಂಧೇರಿಗೆ ಕಳಿಸ್ಯಾರ್ರಿ. ಮುಂಜಾನೆ ನಮ್ಮ ವಾಚ್‌ಮನ್ ಎಜೆನ್ಸಿಯವ್ರು ಬಂದು, ಇವತ್ತೊಂದಿನ ಇಲ್ಲಿ ಡ್ಯೂಟಿ ಮಾಡು ಅಂತ ಗಾಡಿಯೊಳಗ ಕರಕೊಂಡು ಬಂದ್ರು."

"ಅಲ್ಲಿ ಗೇಟಿಗೆ ಯಾರದಾರ?"

"ಹೊಸಾ ಹುಡುಗ. ನಾನು ನಿನ್ನೆ ಸಾಹೇಬ್ರಿಗೆ ಆಗೂದಿಲ್ಲ ಅಂದಿದ್ದೆ. ಆಯ್ತು ಬಿಡು ಅಂದಿದ್ರು. ಹನುಮಿ ಅಲ್ಲೇ ಅದಾಳ್ರಿ. ನೋಟ್‌ಬುಕ್ಕೂ ಕ್ಯಾಬಿನ್ನಿನಾಗೇ ಉಳೀತು."

ಅವತ್ತು ಪಶ್ಚಿಮ ಲೈನಿನಲ್ಲಿ ಹಳಿ ರಿಪೇರಿಯ ಬ್ಲಾಕ್ ಇತ್ತು. ಅದು ಅವಳಿಗೆ ನೆನಪಾದದ್ದು ಪ್ಲ್ಯಾಟ್‌ಫಾರ್ಮಿನ ಜನ ನೋಡಿದಾಗ. ಮುಕ್ಕಾಲು ಗಂಟೆ ಕಾದು ಹತ್ತಿದ ಸ್ಲೋ ಲೋಕಲ್ ಜೋಗೇಶ್ವರಿ ದಾಟಿ ನಿಂತುಬಿಟ್ಟಿತು. ಹನ್ನೆರಡೂ ಐವತ್ತು. ಅವಳು ವಿಜೇತಾಳಿಗೆ ಫೋನ್ ಮಾಡಿ ಹನುಮವ್ವನನ್ನು ನಿನ್ನ ಗಾಲಾಕ್ಕೆ ಕರೆಸಿಕೋ ಎಂದಳು. ವಿಜೇತಾ ಒಬ್ಬಳನ್ನು ಮೇಲೆ ಕಳಿಸಿದಳು. ಬಟ್ಟೆ ನೆನೆಹಾಕಿದ್ದೇನೆ, ಒಗೆದು ಬರುತ್ತೇನೆ ಎಂದಳಂತೆ ಹನುಮವ್ವ. ಒಂದೂ ಐದು. ಗಾಡಿಯೊಳಗೆ ಯಾರದೋ ಮಗು ಅಳುತ್ತಿತ್ತು, ಹೆಂಗಸರು ಗಾಳಿ ಬೀಸಿಕೊಳ್ಳುತ್ತಿದ್ದರು. ಶಿವಕುಮಾರಿ ಮೊಬೈಲ್ ಮೇಲಿನ ಅಂಕಿಯನ್ನೇ ನೋಡುತ್ತ ನಿಂತಿದ್ದಳು. ಒಂದೂ ಹತ್ತು ಬಂತು, ಹೋಯಿತು. ಒಂದೂ ಹದಿಮೂರಕ್ಕೆ ವಿಜೇತಾಳ ಮೆಸೇಜ್: "ಬಝರ್ ಚಾಲೂ."

ಅವಳು ಉತ್ತರ ಬರೆದಳು: "ಈಗಲೇ ಇಳೀರಿ. ಎಲ್ಲಾರೂ." ಮೆಸೇಜ್ ಹೋಗಲಿಲ್ಲ. ಫೋನ್ ಮಾಡಿದರೆ ತಾಗಲಿಲ್ಲ. ನೆಟ್‌ವರ್ಕ್ ಬರುವಷ್ಟರಲ್ಲಿ ಗಾಡಿ ಗೋರೆಗಾಂವ್ ಮುಟ್ಟಿತ್ತು. ಅವಳು ಜಿಗಿದು ಇಳಿದು, ಸೇತುವೆ ಹತ್ತಿ ಇಳಿದು, ಒಂದು ರಿಕ್ಷಾ ಹಿಡಿದಳು. ಮತ್ತೆ ಫೋನ್ ಮಾಡಿದರೆ ವಿಜೇತಾಳ ಲೈನ್ ಎಂಗೇಜ್.

ರಿಕ್ಷಾ ಎಸ್ಟೇಟಿನ ರಸ್ತೆಗೆ ಹೊರಳುವ ಮೊದಲೇ ಹೂಟರಿನ ಸದ್ದು ಕೇಳಿಸಿತು. ಆಮೇಲೆ ಹೊಗೆ ಕಂಡಿತು. ಒಂದನೆಯ ಮಹಡಿಯ ಆ ಪ್ಲೈವುಡ್ ಬಡಿದ ಕಿಟಕಿಯ ಸಂದಿನಿಂದ ಕಪ್ಪಗೆ, ದಪ್ಪಗೆ ಏಳುತ್ತಿತ್ತು. ರವಿವಾರವಾದ್ದರಿಂದ ಉಳಿದ ನಾಲ್ವರ ಗಾಲಾಗಳೂ ಅಕ್ಕಪಕ್ಕದ ಎಸ್ಟೇಟುಗಳೂ ಮುಚ್ಚಿದ್ದವು. ರಸ್ತೆಯಲ್ಲಿ ಆ ಸದ್ದು ಕೇಳುವವರೇ ಇರಲಿಲ್ಲ. ಹಿಂದಿನ ಗೇಟಿನ ಹತ್ತಿರ ವಿಜೇತಾ, ಅವಳ ಏಳು ಜನ ಹೆಂಗಸರು, ಕೊರಳಲ್ಲಿ ಅಳತೆ ಟೇಪು, ಕೆಲವರ ಕೈಯಲ್ಲಿ ಇನ್ನೂ ಜರಿಯ ಲಂಗಗಳು. ಹೂಟರ್ ಕೂಗಿದ ನಾಲ್ಕು ನಿಮಿಷಕ್ಕೆ ಕೆಳಗೆ ಬಂದಿದ್ದರು. ಆಗ ಮೆಟ್ಟಿಲಲ್ಲಿ ಹೊಗೆ ಇರಲಿಲ್ಲವಂತೆ. ಈಗ ಗ್ರಿಲ್ಲಿನಿಂದ ಹೊಗೆ ಹೊರಗೆ ಬರುತ್ತಿತ್ತು.

"ಹನುಮವ್ವ ಎಲ್ಲಿ?"

ವಿಜೇತಾ ಮೇಲೆ ನೋಡಿದಳು.

ಹನುಮವ್ವ ಟೆರೇಸಿನ ಕಟ್ಟೆಯ ಹತ್ತಿರ ನಿಂತಿದ್ದಳು. ಹೂಟರ್ ಕೇಳಿ ಇಳಿದಿದ್ದಳು, ಆದರೆ ಅಭ್ಯಾಸದಂತೆ ಮುಂದಿನ ಮೆಟ್ಟಿಲಿನಿಂದ. ಎರಡನೆಯ ಮಹಡಿಯಲ್ಲಿ ಹೊಗೆ ಎದುರಾಗಿ, ನಾಲ್ಕು ಗುಟುಕು ಹೊಗೆ ಕುಡಿದು, ತಡವರಿಸುತ್ತ ಮತ್ತೆ ಮೇಲೆ ಹತ್ತಿದ್ದಳು. ಈಗ ಒದ್ದೆ ಸೀರೆಯನ್ನು ಮುಖಕ್ಕೆ ಒತ್ತಿಕೊಂಡಿದ್ದಳು.

ಶಿವಕುಮಾರಿ ಹಿಂದಿನ ಮೆಟ್ಟಿಲಿಗೆ ನುಗ್ಗಿದಳು. ಒಂದು ತಿರುವು ಹತ್ತುವುದರೊಳಗೆ ಕಣ್ಣು ಕಾಣದಾಯಿತು, ಗಂಟಲು ಕಟ್ಟಿತು. ವಿಜೇತಾ ಹಿಂದಿನಿಂದ ಅವಳ ದುಪ್ಪಟ್ಟಾ ಹಿಡಿದು ಎಳೆದಳು. ಇಬ್ಬರೂ ಮೆಟ್ಟಿಲ ಮೇಲೆ ಬಿದ್ದು, ತೆವಳಿ ಹೊರಗೆ ಬಂದರು.

"ಟಾಕಿ ಹಿಂದ ಹೋಗವ್ವಾ! ಗಾಳಿ ಆ ಕಡೆ ಐತಿ! ಕೂತುಕೋ!" ಎಂದು ಅವಳು ಕೆಳಗಿನಿಂದ ಕಿರುಚಿದಳು. ಗಂಟಲು ಹರಿಯುವವರೆಗೆ ಕಿರುಚಿದಳು. ಹನುಮವ್ವನಿಗೆ ಕೇಳಿಸಿತೋ ಇಲ್ಲವೋ, ಅವಳ ತಲೆ ಕಟ್ಟೆಯಿಂದ ಮರೆಯಾಯಿತು. ಆಮೇಲೆ ಕಾಣಲಿಲ್ಲ.

ವಿಜೇತಾ ಫೋನ್ ಮಾಡಿ ಕರೆಸಿದ ಬಂಬು, ಬೆಂಕಿ ಆರಿಸುವ ಗಾಡಿ, ಬಂದದ್ದು ಹದಿನೆಂಟು ನಿಮಿಷಕ್ಕೆ. ಏಣಿ ಎತ್ತಿ, ಟಾಕಿಯ ಹಿಂದೆ ಮುದುರಿ ಬಿದ್ದಿದ್ದ ಹನುಮವ್ವನನ್ನು ಇಳಿಸಿದರು. ಉಸಿರಾಡುತ್ತಿದ್ದಳು. ಬೆಂಕಿ ಆರುವಾಗ ಸಂಜೆ ಐದಾಗಿತ್ತು. ಒಂದನೆಯ ಮಹಡಿಯ ಒಂದು ಭಾಗ, ಅದರ ಮೇಲಿನ ಎರಡು ಗಾಲಾ ಸುಟ್ಟಿದ್ದವು. ಹೊಸ ವಾಚ್‌ಮನ್ ಎಲ್ಲಿದ್ದನೋ ಯಾರಿಗೂ ಗೊತ್ತಿರಲಿಲ್ಲ.

ಪೊಲೀಸರು ಅವತ್ತು ಸಂಜೆಯೇ ಅಂಧೇರಿಗೆ ಹೋಗಿ ಖಂಡಪ್ಪನನ್ನು ಕರೆತಂದರು. ಕ್ಯಾಬಿನ್ನಿನಲ್ಲಿ ನೋಟ್‌ಬುಕ್ ಸಿಕ್ಕಿತ್ತು, ಅದರಲ್ಲಿ ಎಲ್ಲ ಇತ್ತು.

ಸೋಮವಾರ ಬೆಳಿಗ್ಗೆ ಶಿವಕುಮಾರಿ ಮತ್ತು ತಿಲಕ್ ಠಾಣೆಗೆ ಹೋದರು. ಇನ್‌ಸ್ಪೆಕ್ಟರ್ ನೋಟ್‌ಬುಕ್ ತೆರೆದು ಅವಳ ಮುಂದೆ ಇಟ್ಟ. ಗುರುವಾರ ಮೂವತ್ತು ನಿಮಿಷ, ಯಾರೂ ಬರಲಿಲ್ಲ. ಶುಕ್ರವಾರ, ಶನಿವಾರ ಖಾಲಿ. ಅದರ ಕೆಳಗೆ ರವಿವಾರದ ತಾರೀಖು, ಒಂದೂ ಹತ್ತು, ಖಂಡಪ್ಪ ಎಂದು ಸಹಿ.

ಅವಳು ಬಗ್ಗಿ ಹತ್ತಿರದಿಂದ ನೋಡಿದಳು.

"ಸಾಹೇಬ್, ಅವನಿಗೆ ಬರೆಯಲು ಕನ್ನಡ ಅಷ್ಟೇ ಬರುತ್ತದೆ," ಎಂದಳು ಹಿಂದಿಯಲ್ಲಿ. "ಮೇಲಿನದೆಲ್ಲ ಕನ್ನಡ. ಈ ಒಂದು ಸಾಲು ಹಿಂದಿ. ಶುಕ್ರವಾರ ತೆಗೆದ ಫೋಟೊ ನನ್ನ ಮೊಬೈಲಿನಲ್ಲಿದೆ."

ಪ್ಯಾನೆಲ್ ಸುಟ್ಟಿರಲಿಲ್ಲ. ಅಧಿಕಾರಿಗಳ ಎದುರಿಗೇ ಅವಳು ಅದರ ಮೆಮೊರಿ ತೆಗೆದು ತೋರಿಸಿದಳು: ಒಂದೂ ಹತ್ತಕ್ಕೆ ಒಂದನೆಯ ಮಹಡಿಯ ಲೈನಿನಲ್ಲಿ ಫಾಲ್ಟ್, ಒಂದೂ ಇಪ್ಪತ್ತೆರಡಕ್ಕೆ ಅದೇ ಲೈನಿನಲ್ಲಿ ಬೆಂಕಿಯ ಸೂಚನೆ. ಅಂಧೇರಿಯ ಕಟ್ಟಡದ ಕ್ಯಾಮೆರಾದಲ್ಲಿ ಅದೇ ಒಂದೂ ಹತ್ತಕ್ಕೆ ಖಂಡಪ್ಪ ಗೇಟಿನ ಹತ್ತಿರ ಫೋನ್ ಕಿವಿಗೆ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ. ಹೆಂಡತಿಗೆ ಫೋನ್ ಹಚ್ಚುತ್ತಿದ್ದನಂತೆ. ಮೂರನೆಯ ದಿನ ಅವನನ್ನು ಬಿಟ್ಟರು.

ಸೇಫ್ಟಿ ಸಾಹೇಬನ ನಂಬರ್ ಬಂದ್ ಆಗಿತ್ತು. ಅದು ಯಾವುದೋ ಊರಿನ ಸತ್ತವರೊಬ್ಬರ ಹೆಸರಿನಲ್ಲಿತ್ತು. ಫೋಮ್ ತಂದ ಟೆಂಪೋದ ನಂಬರ್ ಸುಳ್ಳು. ಕೇಸು ನಡೆಯುತ್ತಿದೆ ಎನ್ನುತ್ತಾರೆ. ಕಟ್ಟಡವನ್ನು ಮಾತ್ರ ಒಂದು ವಾರದೊಳಗೆ ಅಪಾಯಕಾರಿ ಎಂದು ಸಾರಿ ಸೀಲ್ ಮಾಡಿದರು. ಕೈಯಲ್ಲಿ ನೋಟಿಸ್ ಹಿಡಿದುಕೊಂಡು ವಿಜೇತಾ ಗೇಟಿನ ಹೊರಗೆ ನಿಂತು ಬಹಳ ಜಗಳವಾಡಿದಳು. ಮಷೀನುಗಳನ್ನು ಹೊರಗೆ ತರಲು ಅವಳಿಗೆ ಅಪ್ಪಣೆ ಸಿಕ್ಕಿದ್ದು ತಿಂಗಳಾದ ಮೇಲೆ. ಉಳಿದ ನಾಲ್ವರೂ ಹೋದರು. ಆ ಕಟ್ಟಡ ಖಾಲಿಯಾಗಬೇಕೆಂದು ಎರಡು ವರ್ಷದಿಂದ ಕಾದಿದ್ದವರಿಗೆ ಅದು ಹಾಗೆ ಖಾಲಿಯಾಗಿ ಸಿಕ್ಕಿತು.

ಹನುಮವ್ವ ಆಸ್ಪತ್ರೆಯಲ್ಲಿದ್ದದ್ದು ಹನ್ನೊಂದು ದಿನ. ಕೊನೆಯ ದಿನ ಶಿವಕುಮಾರಿ ನೋಡಲು ಹೋದಾಗ ಅವಳು ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ದನಿ ಇನ್ನೂ ಸರಿಯಾಗಿರಲಿಲ್ಲ. ಖಂಡಪ್ಪ ಕಾಲ ಕಡೆ ಕೂತಿದ್ದ. ತಿಲಕ್ ಅವನಿಗೆ ಚೆಂಬೂರಿನಲ್ಲಿ ತನ್ನ ಗೋಡೌನ್ ನೋಡಿಕೊಳ್ಳುವ ಕೆಲಸ ಕೊಟ್ಟಿದ್ದ, ಇರಲು ಕೋಣೆಯೂ ಅಲ್ಲೇ.

"ಅವನ ದನಿ ಮತ್ತ ಕೇಳಿದ್ರ ಗುರ್ತು ಹಿಡೀತೀಯೇನು ಕಾಕಾ?" ಎಂದು ಶಿವಕುಮಾರಿ ಕೇಳಿದಳು. ಇನ್‌ಸ್ಪೆಕ್ಟರ್ ಕೇಳಿಸಿಕೊಂಡು ಬಾ ಎಂದಿದ್ದ.

"ಹಿಡೀತೀನ್ರಿ." ಖಂಡಪ್ಪ ತನ್ನ ಕೈಗಳನ್ನು ನೋಡಿಕೊಂಡ. "ಭಾಳ ಮರ್ಯಾದಿಲೆ ಮಾತಾಡ್ತಿದ್ರು ಬಾಯಾರ. ಖಂಡಪ್ಪಜಿ ಅಂತಿದ್ರು. ಊಟ ಆತೇನು, ಮನ್ಯಾಗ ಆರಾಮ ಅದಾರೇನು ಅಂತ ಕೇಳ್ತಿದ್ರು. ಈ ಊರಿಗೆ ಬಂದು ಇಪ್ಪತ್ತಾರು ವರ್ಷಾತು. ಹಂಗ ಯಾರೂ ಕೇಳಿದ್ದಿಲ್ಲ."

ಹನುಮವ್ವ ಗಂಜಿಯ ಬಟ್ಟಲು ಕೆಳಗಿಟ್ಟಳು. "ನಾ ಮನ್ಯಾಗ ಇರ್ತೀನೇನು ಅಂತ ಕೇಳ್ತಿದ್ದನೇನು?"

ವಾರ್ಡಿನ ಆ ತುದಿಯಲ್ಲಿ ಯಾರದೋ ಫೋನ್ ರಿಂಗಾಯಿತು. ಖಂಡಪ್ಪ ಎದ್ದು ನಿಂತುಬಿಟ್ಟ. ಬೇರೆ ಯಾರೋ ಅದನ್ನು ಎತ್ತಿ ಮಾತಾಡತೊಡಗಿದ ಮೇಲೂ, ಹೆಂಡತಿ ತೋಳು ಹಿಡಿದು ಎಳೆಯುವವರೆಗೂ, ಹಾಗೆಯೇ ನಿಂತಿದ್ದ.